ನಾಲ್ಕು ಮರಗಳ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಇಷ್ಟು ಕಾಲ ಇದ್ದರೇ ಎಂಬ ಆಶ್ಚರ್ಯ. ತೊಂಬತ್ತರ ಹತ್ತಿರ ಬಂದಿದ್ದರಂತೆ. ಕೆಲವು ದಿನ ಕಳೆದ ಮೇಲೆ ಅವರ ಹಳೆಯ ಶಿಷ್ಯರೊಬ್ಬರು ಫೋನ್ ಮಾಡಿ, "ಒಂದು ನೆನಪಿನ ಪುಸ್ತಕ ತರ್ತಾ ಇದ್ದೇವೆ. ನಿಮ್ಮನ್ನ ಮೈಸೂರಿಗೆ ಓದೋಕೆ ಕಳಿಸಿದ್ದೇ ಅವರಲ್ವಾ? ಒಂದೆರಡು ಪುಟ ಒಳ್ಳೆ ಮಾತು ಬರೆದುಕೊಡಿ" ಎಂದರು. ಹೂಂ ಅಂದೆ. ಬರೆಯಲು ಕುಳಿತ ಮೇಲೆ, ಇದು ಆ ಪುಸ್ತಕಕ್ಕೆ ಹೋಗುವ ಬರಹವಲ್ಲ ಎಂದು ತಿಳಿಯಿತು.

ಒಂದು ಮಾತನ್ನು ಮೊದಲೇ ಹೇಳಬೇಕು. ಅವರ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹುಡುಗನಾಗಿದ್ದಾಗಿನಿಂದ ನನಗೆ ದಿನಚರಿ ಬರೆಯುವ ಚಟ. ಆಗಿನ ಪುಟಗಳಲ್ಲಿ ಮೇಷ್ಟ್ರು ದೇವರು. ಈಗ ನನ್ನ ತಲೆಯೊಳಗಿರುವ ಮೇಷ್ಟ್ರೇ ಬೇರೆ. ಕೋಪ ಇಟ್ಟುಕೊಂಡವನ ನೆನಪು ತನಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತದೆ. ಆದ್ದರಿಂದ ಅವರಲ್ಲಿ ಒಳ್ಳೆಯದು ಏನಿತ್ತೋ ಅದನ್ನು ಮೊದಲು ಬರೆದು ಮುಗಿಸುತ್ತೇನೆ.

ಕೊಡಗು ಆಗ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತ ಮನೆತನ. ಓದು ಬರಹ ಬಲ್ಲ ಅಪ್ಪಯ್ಯ ಒಬ್ಬರು ಮಾತ್ರ ಹೊಲ ಬಿಟ್ಟು, ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಕೆಲಸಕ್ಕೆ ಸೇರಿದ್ದರು. ಮೇಷ್ಟ್ರು ಮಡಿಕೇರಿಯ ಪೂಜೆಯ ಮನೆತನದವರು. ಮನೆಯಲ್ಲಿ ಅಣ್ಣಂದಿರು ಗಂಟೆ ಅಲ್ಲಾಡಿಸುವಾಗ ಇವರು ಇಂಗ್ಲಿಷ್ ಓದಿ ಮೇಷ್ಟ್ರಾದವರು. ತೆಳ್ಳಗಿನ ಆಳು, ಮುಚ್ಚುಕೋಟು, ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಯಾರ ಬಗ್ಗೆಯಾದರೂ ತೀರ್ಮಾನಕ್ಕೆ ಬರುವ ಮೊದಲು ಹೆಬ್ಬೆರಳಿಗೆ ತೋರುಬೆರಳನ್ನು ಉಜ್ಜಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು, ಎಲೆ ಹಿಸುಕಿ ವಾಸನೆ ನೋಡುವವರ ಹಾಗೆ. ಬೆರಳಲ್ಲಿ ಎಲೆ ಇರುತ್ತಿರಲಿಲ್ಲ.

ತೋಟ ಮಾರಿ ಊರಿಗೆ ಹೊರಟ ಒಬ್ಬ ಇಂಗ್ಲಿಷ್ ದೊರೆ ತನ್ನ ಬಂಗಲೆಯ ಪುಸ್ತಕಗಳನ್ನು ಹಂಚಿಹೋದಾಗ ಇವರ ಪಾಲಿಗೆ ಬಂದದ್ದರಲ್ಲಿ ಒಂದು ದಪ್ಪ ಪುಸ್ತಕವಿತ್ತು. ಸ್ವಿಟ್ಜರ್ಲೆಂಡಿನ ಮನೋವೈದ್ಯನೊಬ್ಬ ಮನುಷ್ಯ ಸ್ವಭಾವದ ಬಗೆಗಳನ್ನು ಕುರಿತು ಬರೆದದ್ದು. ಕೆಲವರ ಗಮನ ಒಳಕ್ಕೆ ತಿರುಗಿರುತ್ತದೆ, ಕೆಲವರದು ಹೊರಕ್ಕೆ. ಒಬ್ಬ ಆಲೋಚನೆಯನ್ನು ನಂಬಿ ಬದುಕುತ್ತಾನೆ, ಒಬ್ಬ ಭಾವವನ್ನು, ಒಬ್ಬ ಕಣ್ಣು ಕಿವಿ ಕೈಗಳನ್ನು, ಮತ್ತೊಬ್ಬ ಇದ್ದಕ್ಕಿದ್ದಂತೆ ಒಳಗೆ ಹೊಳೆಯುವುದನ್ನು. ಆ ವೈದ್ಯ ಹೇಳಿದ್ದರ ಸಾರ, ನನಗೆ ತಿಳಿದ ಮಟ್ಟಿಗೆ, ಇಷ್ಟು. ಮೇಷ್ಟ್ರು ಇದನ್ನು ತಂದು ಸುಂಟಿಕೊಪ್ಪದ ತೋಟಗಳಲ್ಲಿ ನೆಟ್ಟರು. ಕಾಫಿಗೆ ನೆರಳು ಕೊಡುವ ಮರಗಳಲ್ಲಿ ನಾಲ್ಕನ್ನು ಆರಿಸಿದರು. ಆಲೋಚನೆಯವರು ಸಿಲ್ವರ್ ಓಕ್: ಅಕ್ಕಪಕ್ಕ ನೋಡದೆ ನೆಟ್ಟಗೆ ಮೇಲಕ್ಕೆ ಹೋಗುವವರು. ಭಾವದವರು ಹಾಲುವಾಣ: ಕಡಿದು ಗೂಟ ಮಾಡಿ ನೆಟ್ಟರೂ ಚಿಗುರಿಬಿಡುವವರು. ಕಣ್ಣು ಕೈಯನ್ನು ನಂಬಿದವರು ಹಲಸು: ಹಣ್ಣು ಬೊಡ್ಡೆಯಲ್ಲೇ, ಇರುವುದೆಲ್ಲ ಎದುರಿಗೇ. ಒಳಗೆ ಹೊಳೆಯುವವರು ಅತ್ತಿ: ಹೂವು ಯಾರಿಗೂ ಕಾಣುವುದಿಲ್ಲ, ಕಾಯಿಯೊಳಗೇ ಅರಳಿ ಮುಗಿಯುತ್ತದೆ.

ಸುಂಟಿಕೊಪ್ಪದಲ್ಲಿ ಬಸ್ಸು ನಿಲ್ಲುವ ಕಡೆ ಮಾಪಿಳ್ಳೆ ಕಾಕನ ಚಹಾದಂಗಡಿ ಇತ್ತು. ಮೇಷ್ಟ್ರು ಅಲ್ಲಿ ಬೆಂಚಿನ ಮೇಲೆ ಕೂತು, ಬಸ್ಸಿಗೆ ಕಾಯುವವರನ್ನು ವಿಂಗಡಿಸುತ್ತಿದ್ದರು. ಒಂದು ಸಲ ಕಾಕ ಗ್ಲಾಸು ತೊಳೆಯುತ್ತ ಕೇಳಿದ: "ಮಾಷೇ, ಊರಿನವರಿಗೆಲ್ಲ ಮರ ಹಂಚಿದಿರಿ. ನನಗೆ ಎಂತ?"

"ನೀನು ಹಲಸು, ಕಾಕಾ."

"ಹಲಸು ಅಡ್ಡಿಲ್ಲ. ತಿನ್ಲಿಕ್ಕೆ ಉಂಟು. ಓಕ್ ಅಂದಿದ್ರೆ ಮರದ ಕಂಟ್ರಾಕ್ಟ್ರು ಕೊಡಲಿ ಹಿಡಿದು ಬರ್ತಿದ್ದ." ಆಮೇಲೆ ಗ್ಲಾಸು ಕೆಳಗಿಟ್ಟು, "ಮಾಷ್ ಎಂತ ಮರ?" ಎಂದ.

ಮೇಷ್ಟ್ರು ನಕ್ಕು, "ನಾನು ನೋಡೋನು" ಎಂದರು.

"ಓ, ಮೇಸ್ತ್ರಿ" ಎಂದ ಕಾಕ. ಬೆಂಚಿನವರೆಲ್ಲ ನಕ್ಕರು. ಎಸ್ಟೇಟಿನಲ್ಲಿ ಮೇಸ್ತ್ರಿಯೆಂದರೆ ಕೊಂಬೆ ಕಡಿಯುವವನಲ್ಲ, ಕಡಿಸುವವನು. ಮೇಷ್ಟ್ರು ನಕ್ಕರೋ ಇಲ್ಲವೋ ನನಗೆ ನೆನಪಿಲ್ಲ. ನಗಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ, ಅದಕ್ಕೇ ಬರೆಯುವುದಿಲ್ಲ.

ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಅಂಗಡಿ ಅಂಗಡಿಯಲ್ಲೂ ಜಗಳ ನಡೆಯುತ್ತಿದ್ದ ಕಾಲದಲ್ಲೂ ಅವರು ಎರಡು ಪಕ್ಷದವರನ್ನೂ ಕೂರಿಸಿ, "ಕೊಡಗು ಅತ್ತಿ, ಮೈಸೂರು ಓಕು. ಇದರಲ್ಲಿ ಸರಿ ತಪ್ಪು ಏನು ಬಂತು?" ಎನ್ನುತ್ತಿದ್ದರು. ಜಗಳ ನಿಲ್ಲುತ್ತಿತ್ತು. ಯಾರಿಗೂ ಸಮಾಧಾನವಾಗುತ್ತಿರಲಿಲ್ಲ.

ಶಾಲೆಯಲ್ಲಿ ನಮ್ಮನ್ನು ಜಾತಿ ಭಾಷೆ ನೋಡಿ ಕೂರಿಸುತ್ತಿದ್ದ ಪದ್ಧತಿಯನ್ನು ಅವರು ತೆಗೆದುಹಾಕಿದರು. ಅದು ಸಣ್ಣ ಸಂಗತಿಯಲ್ಲ. ಕೊಡವರ ಹುಡುಗ, ಎಸ್ಟೇಟಿನ ಕೂಲಿ ಲೈನಿನ ತಮಿಳು ಹುಡುಗ, ಬ್ಯಾರಿ ಹುಡುಗ ಒಂದೇ ಬೆಂಚಿಗೆ ಬಂದರು, ಮೂವರೂ ಹಲಸು ಎಂಬ ಕಾರಣಕ್ಕೆ. ಯಾರಿಗೂ ಹೊಡೆಯುತ್ತಿರಲಿಲ್ಲ. ನನ್ನ ಜೊತೆಯ ಒಬ್ಬನಿಗೆ ಲೆಕ್ಕವೇ ಹತ್ತುತ್ತಿರಲಿಲ್ಲ. ಹಿಂದಿನ ಮೇಷ್ಟ್ರು ಅವನನ್ನು ಕಲ್ಲು ಎಂದು ಬಿಟ್ಟಿದ್ದರು. ಇವರು, "ಇವನಿಗೆ ಅಂಕಿ ಕಾಣಲ್ಲ, ವಸ್ತು ಕಾಣುತ್ತೆ" ಎಂದು ಕಾಫಿ ಬೀಜ ತರಿಸಿ, ಅವನ ಅಂಗೈಗೆ ಸುರಿದು ಕೂಡಿಸಿ ಕಳೆಯಿಸಿದರು. ಮಳೆಗಾಲ ಮುಗಿಯುವುದರೊಳಗೆ ಅವನಿಗೆ ಭಾಗಾಕಾರ ಬಂತು. ಊರಿಗೆ ಊರೇ ಬೆರಗಾಯಿತು. ಆ ದಿನದಿಂದ ಅಪ್ಪಯ್ಯನಿಗೆ ಮೇಷ್ಟ್ರ ಮಾತೆಂದರೆ ವೇದ. ಒಳ್ಳೆಯದು ಎಂದು ನಾನು ಬರೆಯಬೇಕೆಂದಿದ್ದದ್ದು ಇಲ್ಲಿಗೆ ಮುಗಿಯಿತು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಬಲ್ಲವರು ಮೊದಲು ಅವಳ ಧ್ವನಿಯನ್ನು ಬಲ್ಲವರು. ಲೈನಿನವರೊಡನೆ ತಮಿಳು, ತುಳು, ಅರೆಭಾಷೆ ಏನು ಸಿಕ್ಕಿದರೆ ಅದರಲ್ಲಿ ಹರಟುತ್ತಿದ್ದಳು. ಅಡುಗೆಮನೆಯಲ್ಲಿ ಮೇಷ್ಟ್ರ ಅಣಕ ಮಾಡುತ್ತಿದ್ದಳು. ಬೆರಳು ಉಜ್ಜಿ ಮೂಗಿಗೆ ಹಿಡಿದು, ಕಣ್ಣು ಅರ್ಧ ಮುಚ್ಚಿ, "ಈ ಸೌಟು... ಹಾಲುವಾಣ" ಎಂದರೆ ಅವ್ವ ಒಲೆಯ ಮುಂದೆ ಕೂತಲ್ಲೇ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಲೈನಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಹರಡಿದ ಕಾಫಿಯ ಮೇಲೆ ಬೆರಳಿನಿಂದ ಅಕ್ಷರ ಬರೆದು ಓದಿಸುತ್ತಿದ್ದಳು. ಒಂದು ಅಕ್ಷರ ಬಂದ ಮೇಲೆ ಮಕ್ಕಳೇ ಕೈಯಾಡಿಸಿ ಅಳಿಸಬೇಕು. ಕಾಫಿ ಕೆದಕಿದ ಹಾಗೂ ಆಯಿತು, ಮೇಸ್ತ್ರಿ ಬೈಯುವಂತೆಯೂ ಇಲ್ಲ.

ಮೇಷ್ಟ್ರ ಶಾಲೆಯಲ್ಲಲ್ಲ, ಹೆಣ್ಣುಮಕ್ಕಳ ಶಾಲೆಯಲ್ಲಿ ಓದು ಮುಗಿಸಿ ಮನೆಯಲ್ಲಿದ್ದ ಅವಳಿಗೆ ಬೇಕಾಗಿದ್ದದ್ದು ಒಂದೇ: ಮಡಿಕೇರಿಯಲ್ಲಿ ಇದ್ದು ಟ್ರೈನಿಂಗ್ ಮುಗಿಸಿ ಟೀಚರಾಗುವುದು. ಅಪ್ಪಯ್ಯ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. "ಮೇಷ್ಟ್ರನ್ನ ಒಂದು ಮಾತು ಕೇಳಾಣ" ಎಂದರು. ನನ್ನದೂ ಅದೇ ಸಮಯದಲ್ಲಿ ತೀರ್ಮಾನವಾಗಬೇಕಿತ್ತು, ಮುಂದೆ ಓದಿಸುವುದೋ ಎಸ್ಟೇಟಿಗೆ ಸೇರಿಸುವುದೋ ಎಂದು.

ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಮನೆಗೆ ಬಂದರು. ಜಗಲಿಯ ಬೆಂಚಿನ ಮೇಲೆ ಅವರು, ಎದುರಿಗೆ ಚಾಪೆಯ ಮೇಲೆ ಅಪ್ಪಯ್ಯ, ಕಂಬದ ಹತ್ತಿರ ನಾನು. ಅಕ್ಕ ಬೆಲ್ಲದ ಕಾಫಿ ತಂದಿಟ್ಟು ಬಾಗಿಲ ಒಳಗೆ ಹೋಗಿ ನಿಂತಳು. ಅವಳ ಹಿಂದೆ ಅವ್ವ.

ಮೇಷ್ಟ್ರ ಹತ್ತಿರ ಒಂದು ಪರೀಕ್ಷೆ ಇತ್ತು. ಮಳೆಗೆ ಮುಂಚೆ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರದ ಕೊಂಬೆಗಳನ್ನು ಕಡಿಯುವ ಕೆಲಸ. ಅವರು ನನ್ನನ್ನು ಕೇಳಿದರು: "ಒಂದು ಮರ ಇದೆ. ಎಲ್ಲ ಕೊಂಬೆ ಕಡೀಬೇಕು, ಒಂದನ್ನು ಮಾತ್ರ ಉಳಿಸಬಹುದು. ಯಾವುದನ್ನ ಉಳಿಸ್ತೀಯ?"

"ಪಡುವಲ ಕಡೇದು" ಎಂದೆ. "ಮಧ್ಯಾಹ್ನದ ಮೇಲಿನ ಬಿಸಿಲು ತಡೀತದೆ."

ಈ ಉತ್ತರ ನನ್ನದಾಗಿರಲಾರದು. ಅಪ್ಪಯ್ಯ ಆಳುಗಳಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ಆದರೆ ಮೇಷ್ಟ್ರ ಮುಖ ಅರಳಿತು. ಬೆರಳು ಮೂಗಿಗೆ ಹೋಯಿತು. "ರೈಟ್ರೇ, ಇವನು ಓಕು. ನೆಟ್ಟಗೆ ಬಿಡಿ. ಮೈಸೂರಿಗೆ ಕಳಿಸಿ."

ಆಮೇಲೆ ಬಾಗಿಲ ಕಡೆ ತಿರುಗಿ, "ನೀನು ಹೇಳಮ್ಮ, ಯಾವುದು ಉಳಿಸ್ತೀಯ?" ಎಂದರು.

ಇಲ್ಲಿ ನಮ್ಮ ಮನೆಯ ರೀತಿಯನ್ನು ಹೇಳಬೇಕು. ಬೆಳೆದ ಹೆಣ್ಣುಮಗಳು ಹೊರಗಿನ ಗಂಡಸಿಗೆ ಅಪ್ಪನ ಎದುರು ಉತ್ತರ ಕೊಡುವುದಿಲ್ಲ. ಅಪ್ಪ "ಹೇಳವ್ವ" ಎಂದರೆ ಹೇಳಬೇಕು, ಅದೂ ಅಪ್ಪನ ಕಡೆ ನೋಡಿ. ಹಾಸನದಿಂದ ಎತ್ತಿನ ಗಾಡಿಯಲ್ಲಿ ಬಂದಾಗ ಪಾತ್ರೆ ಪಡಗದ ಜೊತೆ ಇದೂ ಬಂದಿತ್ತು. ಕೊಡವರ ಮನೆಗಳಲ್ಲಿ ಹೆಣ್ಣುಮಕ್ಕಳು ನೆಂಟರ ಎದುರು ನಿಂತು ಧಾರಾಳವಾಗಿ ಮಾತಾಡುವುದನ್ನು ಮೇಷ್ಟ್ರು ದಿನವೂ ನೋಡುತ್ತಿದ್ದರು. ಅವರ ಸ್ವಂತ ತಂಗಿಯರು ಬಂದವರ ಮುಂದೆ ಕೂತು ಹಾಡುತ್ತಿದ್ದರಂತೆ. ನಮ್ಮ ಮನೆಯ ಜಗಲಿಯನ್ನು ಅವರು ಅದಕ್ಕೆ ಮೊದಲು ಹತ್ತಿದವರಲ್ಲ.

ಅಕ್ಕ ಅಪ್ಪಯ್ಯನ ಕಡೆ ನೋಡಿದಳು. ಅಪ್ಪಯ್ಯ ಅಂಗಳದ ಕಡೆ ನೋಡುತ್ತಿದ್ದರು. ಅವಳು ಕಾದಳು. ಅಪ್ಪಯ್ಯ "ಹೇಳವ್ವ" ಎನ್ನಲಿಲ್ಲ. ಅವಳು ತಲೆ ತಗ್ಗಿಸಿದಳು.

"ಹೆದರಬೇಡ, ಹೇಳು" ಎಂದರು ಮೇಷ್ಟ್ರು, ತುಂಬ ಮೃದುವಾಗಿ. ಅವರ ದನಿ ಮೃದುವಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಕ್ಕ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಮೇಷ್ಟ್ರು ಬೆರಳು ಉಜ್ಜಿದರು, ವಾಸನೆ ನೋಡಿದರು.

"ಅತ್ತಿ" ಎಂದರು. "ರೈಟ್ರೇ, ಇದು ಅಪರೂಪದ ಜೀವ. ಎಲ್ಲ ಒಳಗೇ. ಇಂಥದನ್ನ ನಲವತ್ತು ಮಕ್ಕಳ ಮುಂದೆ ನಿಲ್ಲಿಸಿದರೆ ಬಾಡಿಹೋಗುತ್ತೆ. ಹಾಸ್ಟೆಲು, ಹೊರಗಿನ ಊಟ, ಗದ್ದಲ, ಇದಕ್ಕೆ ಆಗದು. ಒಂದು ಒಳ್ಳೆ ಮನೆ ನೋಡಿ. ತಣ್ಣಗೆ ಇರ್ತಾಳೆ."

"ನಂಗೂ ಹಂಗೇ ಅನ್ಸಿತ್ತು" ಎಂದರು ಅಪ್ಪಯ್ಯ.

ಅವ್ವ ಒಳಗಿನಿಂದ, "ಇವ್ಳು ಮನೇಲಿ ಬಾಯಿ ಮುಚ್ಚೋದೇ ಇಲ್ವಲ್ಲ" ಎಂದದ್ದು ನನಗೆ ಕೇಳಿಸಿತು. ಅಥವಾ ಹಾಗೆ ಯಾರಾದರೂ ಅನ್ನಬೇಕಿತ್ತು ಎಂದು ನಾನು ಆಮೇಲೆ ಸೇರಿಸಿಕೊಂಡೆನೋ. ಆ ದಿನದ ದಿನಚರಿಯಲ್ಲಿ ನನಗೆ ಸಿಕ್ಕ ಮರದ ಬಗ್ಗೆ ಪುಟ ತುಂಬ ಇದೆ. ಅಕ್ಕನ ಬಗ್ಗೆ ಒಂದು ಸಾಲು.

ನಾನು ಮೈಸೂರಿಗೆ ಹೋದೆ. ಅಕ್ಕನನ್ನು ಸೋಮವಾರಪೇಟೆಯ ಕಡೆ ಏಲಕ್ಕಿ ತೋಟವಿದ್ದ ಒಂದು ದೊಡ್ಡ ಮನೆಗೆ ಕೊಟ್ಟರು. ಕೆಟ್ಟ ಮನೆಯಲ್ಲ. ಭಾವ ಒಳ್ಳೆಯವರೇ. ಮದುವೆಯ ದಿನ ಮೇಷ್ಟ್ರು ಅಕ್ಷತೆ ಹಾಕಿ, ಅವಳ ಅತ್ತೆಗೆ, "ಇವಳು ಹೆಚ್ಚು ಮಾತಿನವಳಲ್ಲ, ನೀವೇ ತಿಳಿದುಕೊಳ್ಳಬೇಕು" ಎಂದು ಹೇಳಿಹೋದರು. ಆ ಮನೆಯವರು ಅದನ್ನು ಮರೆಯಲಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಅತ್ತೆಗೆ ಆಶ್ಚರ್ಯವಾಗುತ್ತಿತ್ತಂತೆ. "ಮೇಷ್ಟ್ರು ಬೇರೆ ತರ ಹೇಳಿದ್ರಲ್ಲ" ಎನ್ನುತ್ತಿದ್ದರಂತೆ. ರಜೆಗೆ ಬಂದಾಗ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೊದಲ ಸಲ ಅವಳು ಅತ್ತೆಯ ನಡಿಗೆಯನ್ನು ಕದ್ದು ಅಣಕಿಸಿ ತೋರಿಸಿದಳು. ಆಮೇಲಿನ ಸಲ ಕೇಳಿದ್ದಕ್ಕೆ ಮಾತ್ರ ಉತ್ತರ. ಆಮೇಲೆ, ನಾನು ಕೇಳುವುದನ್ನೂ ಬಿಟ್ಟೆ. ಅವಳು ಜಗಲಿಗೆ ಬಂದು ಕಾಫಿ ಇಟ್ಟು ಒಳಗೆ ಹೋಗುವುದನ್ನು ನೋಡಿದವರು ಯಾರಾದರೂ ಮೇಷ್ಟ್ರ ಮಾತು ಸರಿ ಎಂದೇ ಹೇಳಬೇಕು. ಹಾಗೆ ಆಗಿಬಿಟ್ಟಿದ್ದಳು. ನನಗೆ ತಡೆಯಲಾಗದ್ದು ಇದೇ.

ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಜೊತೆ ಮನಃಶಾಸ್ತ್ರವನ್ನೂ ಓದಬೇಕಿತ್ತು. ಅಲ್ಲಿಯ ಗ್ರಂಥಾಲಯದಲ್ಲಿ ಆ ವೈದ್ಯನ ಪುಸ್ತಕ ಸಿಕ್ಕಿತು. ನನಗೆ ಅರ್ಥವಾದಷ್ಟರಲ್ಲಿ, ಯಾವ ಮನುಷ್ಯನೂ ಪೂರ್ತಿ ಒಂದೇ ಬಗೆಯವನಲ್ಲ. ಎದ್ದು ಕಾಣುವ ಬಗೆಯ ಹಿಂದೆ ಅದಕ್ಕೆ ವಿರುದ್ಧವಾದದ್ದು ಕೂತಿರುತ್ತದೆ, ಅದನ್ನು ಬೆಳೆಸಿಕೊಳ್ಳದವನು ಅರ್ಧ ಮನುಷ್ಯ. ಇದು ಅಡಿಟಿಪ್ಪಣಿಯಲ್ಲಿ ಅಡಗಿದ್ದ ಮಾತಲ್ಲ. ಪುಸ್ತಕ ಇರುವುದೇ ಅದನ್ನು ಹೇಳಲು. ಮೇಷ್ಟ್ರು ಇದನ್ನು ಓದಿರಲೇಬೇಕು. ಓದಿ, ಅದನ್ನು ಮಾತ್ರ ಕೈಬಿಟ್ಟಿದ್ದರು.

ಕೊಡಗು ಮೈಸೂರಿಗೆ ಸೇರುವುದು ಖಚಿತವಾಗಿದ್ದ ಕೊನೆಯ ತಿಂಗಳುಗಳಲ್ಲಿ ನಾನು ಓದು ಮುಗಿಸಿ ಬಂದೆ. ಮೇಷ್ಟ್ರು ಆಗ ಕಾಯಿಲೆಯೆಂದು ರಜೆ ಹಾಕಿ ಮಡಿಕೇರಿಯ ಮನೆಯಲ್ಲಿದ್ದರು. ಹೋಗಿ ನೋಡಿದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಅವರಿಗಾದ ಸಂತೋಷ ಸುಳ್ಳಲ್ಲ.

"ಬಾರಯ್ಯಾ, ಬಾ. ನನ್ನ ಓಕು ಎಷ್ಟು ಎತ್ತರ ಆಯ್ತು ನೋಡು" ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದರು. ಎಲ್ಲರೂ ಒಳಗೆ ಹೋದ ಮೇಲೆ, "ಅಕ್ಕ ಹೇಗಿದ್ದಾಳೆ? ತಣ್ಣಗಿದ್ದಾಳೆ ತಾನೆ?" ಎಂದರು.

"ತಣ್ಣಗಿದ್ದಾಳೆ ಮೇಷ್ಟ್ರೇ. ಮಾತೇ ನಿಂತುಹೋಗಿದೆ."

"ಅದು ಅವಳ ಸ್ವಭಾವ."

"ಅಲ್ಲ" ಎಂದೆ. "ಅವತ್ತು ಅವಳು ಮಾತಾಡದೆ ಇದ್ದದ್ದು ಅಪ್ಪಯ್ಯ ಎದುರಿಗಿದ್ದರು ಅಂತ. ನಮ್ಮಲ್ಲಿ ಹೆಣ್ಣುಮಕ್ಕಳು ಅಪ್ಪ ಹೇಳದೆ ಬಾಯಿ ಬಿಡೋ ಹಾಗಿಲ್ಲ. ನೀವು ಅಡುಗೆಮನೆಗೆ ಬಂದು ಕೇಳಿದ್ದರೆ ಯಾವ ಕೊಂಬೆ ಉಳಿಸಬೇಕು, ಯಾಕೆ, ಯಾರ ಕೈಲಿ ಕಡಿಸಬೇಕು ಎಲ್ಲ ಹೇಳ್ತಿದ್ದಳು. ನಿಮ್ಮ ಅಣಕ ಕೂಡ ಮಾಡಿ ತೋರಿಸ್ತಿದ್ದಳು. ನೀವು ನೋಡಿದ್ದು ನಮ್ಮ ಮನೆಯ ಪದ್ಧತಿ. ಅದನ್ನ ಅವಳ ಸ್ವಭಾವ ಅಂದಿರಿ."

ನನ್ನ ದನಿ ಏರಿತ್ತು. ಅವರ ಹೆಂಡತಿ ಬಾಗಿಲಿಗೆ ಬಂದು ನೋಡಿ ಹೋದರು. ನಾನು ಮುಂದುವರಿಸಿ, ಅವರ ಪುಸ್ತಕದ್ದೇ ಮಾತನ್ನು, ಅವರು ಬಿಟ್ಟ ಮಾತನ್ನು ಹೇಳಿದೆ. ಮೇಷ್ಟ್ರು ಮಧ್ಯೆ ಬಾಯಿ ಹಾಕಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರು. ಅವರ ಕಣ್ಣಿನ ಅಂಚು ಒದ್ದೆಯಾದ ಹಾಗೆ ನನಗೆ ಕಂಡಿತು. ಒಂದು ಕ್ಷಣ, ಈಗ ಹೇಳುತ್ತಾರೆ, ಈಗ ಆ ಒಂದು ಮಾತು ಹೇಳುತ್ತಾರೆ ಎಂದು ಕಾದೆ.

ಅವರು ಕಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದರು. ಬೆರಳುಗಳು ಒಂದಕ್ಕೊಂದು ಉಜ್ಜಿಕೊಂಡವು. ಮೂಗಿನ ಹತ್ತಿರ ಹೋದವು.

"ಎಷ್ಟು ಬಿಸಿ ನಿನಗೆ" ಎಂದರು. "ಓಕು ಹೀಗೆ ಕುದಿಯೋದಿಲ್ಲ. ನಾನು ನಿನ್ನ ವಿಷಯದಲ್ಲಿ ತಪ್ಪಿದೆ ಕಣಯ್ಯಾ. ನೀನು ಹಾಲುವಾಣ."

ಅವರು ತಪ್ಪಿದೆ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎದ್ದು ಬಂದೆ. ಮತ್ತೆ ಅವರನ್ನು ನೋಡಲಿಲ್ಲ. ಅವರು ಆ ಕಾಯಿಲೆಯಿಂದ ಎದ್ದು, ಇನ್ನೂ ಎಷ್ಟೋ ವರ್ಷ ಪಾಠ ಹೇಳಿ, ಅಲ್ಲಲ್ಲಿ ಭಾಷಣ ಮಾಡಿ, ಸನ್ಮಾನ ಮಾಡಿಸಿಕೊಂಡು ಬದುಕಿದರು. ಭಾಷಣಗಳಲ್ಲಿ ಒಂದು ಉದಾಹರಣೆ ತಪ್ಪದೆ ಬರುತ್ತಿತ್ತಂತೆ: ಒಬ್ಬ ರೈಟರ ಮಗಳು, ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿದವಳು, ಸರಿಯಾದ ಜಾಗದಲ್ಲಿ ನೆಟ್ಟದ್ದರಿಂದ ಇಂದು ಸುಖವಾಗಿರುವವಳು. ಕೇಳಿ ಬಂದವರು ನನಗೆ ಮೆಚ್ಚಿಕೆಯಿಂದ ಹೇಳುತ್ತಿದ್ದರು. ಅದು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ತೀರಿಕೊಂಡ ವಾರವೇ ಸೋಮವಾರಪೇಟೆಗೆ ಹೋದೆ. ಅಕ್ಕನಿಗೆ ಈಗ ಮೊಮ್ಮಕ್ಕಳಿದ್ದಾರೆ. ಹಿತ್ತಲ ಕಡೆಯ ಜಗಲಿಯಲ್ಲಿ ಮೊರದ ತುಂಬ ಏಲಕ್ಕಿ ಹಾಕಿಕೊಂಡು ತೊಟ್ಟು ತೆಗೆಯುತ್ತಿದ್ದಳು. ಸುದ್ದಿ ಹೇಳಿದೆ. "ಅಯ್ಯೋ ಪಾಪ" ಎಂದಳು. ಕೈ ನಿಲ್ಲಲಿಲ್ಲ. ಆಮೇಲೆ ನಾನು, ಇಷ್ಟು ವರ್ಷ ಅವಳೊಡನೆ ಆಡದೆ ಇದ್ದ ಮಾತನ್ನೆಲ್ಲ ಆಡಿದೆ: ಮಡಿಕೇರಿಯ ಮನೆಗೆ ಹೋಗಿ ಜಗಳವಾಡಿದ್ದು, ಆ ಪುಸ್ತಕ, ಆ ಭಾಷಣಗಳು. ಮೇಷ್ಟ್ರೇ ಅವಳ ಬಾಳು ಹಾಳು ಮಾಡಿದರು ಎಂದೆ. ಅವಳು ಹೌದು ಎನ್ನಲಿ ಎಂದು ನನಗೆ ಎಷ್ಟು ಆಸೆಯಿತ್ತೆಂಬುದು ಆಗಲೇ ತಿಳಿದದ್ದು.

"ಮೇಷ್ಟ್ರು ಬರ್ದೇ ಇದ್ರೂ ಅಪ್ಪಯ್ಯ ಕಳಿಸ್ತಿರ್ಲಿಲ್ಲ ಕಣೋ" ಎಂದಳು ಅಕ್ಕ. "ಕಳ್ಸೋ ಮನ್ಸಿದ್ದಿದ್ರೆ ಹೇಳವ್ವ ಅನ್ನೋಕೆ ಎಷ್ಟೊತ್ತು? ಅವ್ರಿಗೆ ಬೇಡ ಅನ್ನೋಕೆ ಒಂದು ದೊಡ್ಡ ಮಾತು ಬೇಕಿತ್ತು. ಮೇಷ್ಟ್ರು ತಂದ್ಕೊಟ್ರು."

"ಹಂಗಾದ್ರೆ ಮೇಷ್ಟ್ರದ್ದು ಏನೂ ತಪ್ಪಿಲ್ಲ ಅಂತೀಯ?"

ಒಳಗೆ ಸೊಸೆ ಯಾರನ್ನೋ ಗದರುತ್ತಿದ್ದಳು. ಅಕ್ಕ ಅದು ಮುಗಿಯುವ ತನಕ ಕಾದಳು.

"ಅಪ್ಪಯ್ಯ ಬೇಡ ಅಂದಿದ್ರೆ ಅಪ್ಪಯ್ಯನ ಹತ್ರ ಜಗಳ ಆಡ್ತಿದ್ದೆ" ಎಂದಳು. "ಊಟ ಬಿಡ್ತಿದ್ದೆ. ಅವ್ವನ್ನ ಕಾಡ್ತಿದ್ದೆ. ಅಷ್ಟೂ ಮಾಡೋಕೆ ರೆಡಿಯಾಗೇ ನಿಂತಿದ್ದೆ ಬಾಗ್ಲಲ್ಲಿ. ಮೇಷ್ಟ್ರು ಬಂದು, ನೀನು ಇರೋದೇ ಹಿಂಗೆ, ಹುಟ್ಟಿದ್ದೇ ಹಿಂಗೆ ಅಂದ್ಬಿಟ್ರು. ಆಮೇಲೆ ಯಾರ ಹತ್ರ ಆಡ್ಲಿ ಜಗಳ?"